ಮಾಸ್ಟರಿಂಗ್‌ಗೆ ಹಾಡು ಕಳಿಸ್ತೀರಾ? ವಾಟ್ಸಾಪ್‌ನಲ್ಲಿ ಎಂಪಿ3 ಹಾಕೋ ಮೊದಲು ಇದನ್ನ ಓದಿ

ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವ ಹತ್ತಿರ ಬಂತೆಂದರೆ ತಾಲೂಕಿನ ಚಿಕ್ಕಪುಟ್ಟ ಸ್ಟುಡಿಯೋಗಳಿಗೆ ಕೈತುಂಬ ಕೆಲಸ. ಜನಪದ ಹಾಡು, ಭಜನಾ ಪದ, ಊರ ದೇವರ ಮೇಲಿನ ಭಕ್ತಿಗೀತೆ, ಹೊಸ ಅಂಗಡಿಯ ಪ್ರಚಾರದ ಹಾಡು, ಎಲ್ಲಾ ಇಲ್ಲೇ ರೆಕಾರ್ಡ್ ಆಗಿ ಯೂಟ್ಯೂಬ್‌ಗೆ ಹೋಗ್ತವೆ. ಕೊನೆಯ ಮಾಸ್ಟರಿಂಗ್ ಕೆಲಸಕ್ಕೆ ಮಾತ್ರ ಕೆಲವರು ಬೆಂಗಳೂರಿನ ಸ್ಟುಡಿಯೋಗೆ ಕಳಿಸ್ತಾರೆ. ದುಡ್ಡು ಕೊಟ್ಟು, ಫೈಲ್ ವಾಪಸ್ ಬಂದ ಮೇಲೆ ‘ಅಂಥಾದ್ದೇನೂ ಬದಲಾಗಿಲ್ಲವಲ್ಲ’ ಅಂತ ಬೇಸರ. ಬಹಳ ಸಲ ಎಡವಟ್ಟು ಇರೋದು ಅಲ್ಲಿ ಮಾಡಿದ ಕೆಲಸದಲ್ಲಲ್ಲ, ಇಲ್ಲಿಂದ ಕಳಿಸಿದ ಫೈಲ್‌ನಲ್ಲಿ.

ಮೊದಲು ಮಾಸ್ಟರಿಂಗ್ ಅಂದರೇನು ನೋಡೋಣ. ಗಾಯಕರ ದನಿ, ಹಾರ್ಮೋನಿಯಂ, ತಬಲಾ, ಡೊಳ್ಳು, ಕೋರಸ್ ಎಲ್ಲವನ್ನೂ ಹದವಾಗಿ ಕೂಡಿಸೋದು ಮಿಕ್ಸಿಂಗ್. ಹಾಗೆ ಕೂಡಿಸಿ ಒಂದೇ ಫೈಲ್ ಆದ ಹಾಡನ್ನು ಬಿಡುಗಡೆಗೆ ಸಜ್ಜು ಮಾಡೋದು ಮಾಸ್ಟರಿಂಗ್. ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಮೂಲ ತಟ್ಟೆ ಕೊರೆಯುವಾಗ ಸೂಜಿ ಹಾರದಂತೆ ಸದ್ದನ್ನು ಹದ ಮಾಡಬೇಕಿತ್ತು. ಆ ಮೂಲ ತಟ್ಟೆಯೇ ಮಾಸ್ಟರ್, ಹೆಸರು ಅಲ್ಲಿಂದ ಉಳಿದುಕೊಂಡಿದೆ. ಮಾಸ್ಟರಿಂಗ್ ಮಾಡೋರ ಕೈಗೆ ಸಿಗೋದು ಎಲ್ಲ ಬೆರೆತ ಒಂದೇ ಫೈಲ್. ಹೀಗಾಗಿ ದನಿ ಸಣ್ಣದಾಗಿದ್ದರೆ ಅದೊಂದನ್ನೇ ಎತ್ತಿ ಕೊಡೋದು ಅವರಿಗೆ ಸುಲಭವಲ್ಲ. ಮಿಲ್ಲಿಗೆ ಹಾಕಿದ ಭತ್ತ ಎಂಥದ್ದೋ ಅಕ್ಕಿಯೂ ಅಂಥದ್ದೇ ಬರುತ್ತೆ.

ಎಂಪಿ3 ವಿಷಯಕ್ಕೆ ಬರೋಣ. ಫೈಲ್ ಚಿಕ್ಕದಾಗಲಿ ಅಂತ ಕಿವಿಗೆ ಅಷ್ಟಾಗಿ ಗೊತ್ತಾಗದ ಭಾಗಗಳನ್ನು ಅದು ಕಿತ್ತು ಹಾಕುತ್ತೆ. ಕೇಳೋಕೆ ಪರವಾಗಿಲ್ಲ. ಆದರೆ ಮಾಸ್ಟರಿಂಗ್‌ನಲ್ಲಿ ಸದ್ದು ಎತ್ತಿದಾಗ ತಾಳ, ಗೆಜ್ಜೆಯಂಥ ಚೂಪು ಸದ್ದುಗಳು ನೀರಲ್ಲಿ ಅಲುಗಾಡಿದ ಹಾಗೆ ಕೇಳೋಕೆ ಶುರುವಾಗ್ತವೆ. ‘ಎಂಪಿ3ಯನ್ನೇ ವೇವ್‌ಗೆ ಬದಲಾಯಿಸಿ ಕೊಟ್ಟೆವು’ ಅನ್ನೋರೂ ಇದ್ದಾರೆ. ಅದರಿಂದ ಫೈಲ್ ದೊಡ್ಡದಾಗುತ್ತೆ, ಹೋದದ್ದು ಬರಲ್ಲ. ಕ್ಯೂಬೇಸ್ ಇರಲಿ, ಎಫ್‌ಎಲ್ ಸ್ಟುಡಿಯೋ ಇರಲಿ, ಪ್ರಾಜೆಕ್ಟ್‌ನಿಂದಲೇ ನೇರವಾಗಿ ವೇವ್ ಫೈಲ್ ತೆಗೆಯಲು ಹೇಳಿ. 24 ಬಿಟ್ ಇರಲಿ, 32 ಬಿಟ್ ಫ್ಲೋಟ್ ಆದರೂ ಸರಿ. ಸ್ಯಾಂಪಲ್ ರೇಟ್ ಮಾತ್ರ ರೆಕಾರ್ಡ್ ಆದದ್ದೇ ಇರಬೇಕು: 44.1 ಕಿಲೋಹರ್ಟ್ಸ್‌ನಲ್ಲಿ ಮಾಡಿದ್ದರೆ ಅದೇ, 48ರಲ್ಲಿ ಮಾಡಿದ್ದರೆ ಅದೇ. 96ಕ್ಕೆ ಏರಿಸಿದ್ರೆ ಗುಣಮಟ್ಟ ಏರಲ್ಲ.

ಇನ್ನು ಜೋರಿನ ಹುಚ್ಚು. ಹಾಡಿಸಿದವರು ಸ್ಟುಡಿಯೋದಲ್ಲಿ ಕೂತು ‘ಇನ್ನೂ ಜೋರು ಬರಲಿ’ ಅಂತಾರೆ, ಅವರೂ ಮಾಸ್ಟರ್ ಟ್ರ್ಯಾಕ್ ಮೇಲೆ ಲಿಮಿಟರ್ ಹಾಕಿ ಮೀಟರನ್ನ ಕೆಂಪಿಗೆ ತಂದು ನಿಲ್ಲಿಸ್ತಾರೆ. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬಲ್ಲೇ ಗಡಿ. 24 ಬಿಟ್ ಫೈಲ್‌ನಲ್ಲಿ ಅದನ್ನು ದಾಟಿದ ಅಲೆಯ ತಲೆ ಕತ್ತರಿಸಿ ಹೋಗುತ್ತೆ, ಡೊಳ್ಳಿನ ಪೆಟ್ಟು ‘ಧಂ’ ಅನ್ನೋ ಬದಲು ಒಡೆದ ಡಬ್ಬಿ ಸದ್ದು ಮಾಡುತ್ತೆ. ಹಾಲು ಕಾಯಿಸೋ ಪಾತ್ರೆಗೆ ಕಂಠಮಟ್ಟ ಯಾರೂ ಸುರಿಯಲ್ಲ, ಉಕ್ಕೋಕೆ ಜಾಗ ಬೇಕು. ಇಲ್ಲೂ ಹಾಗೇ: ಅತಿ ಜೋರಿನ ಜಾಗದಲ್ಲಿ ಮೀಟರ್ ಮೈನಸ್ 6ರಿಂದ ಮೈನಸ್ 3 ಡೆಸಿಬಲ್ ಒಳಗೆ ನಿಂತರೆ ಸಾಕು. ಲಿಮಿಟರ್ ತೆಗೀರಿ, ‘ನಾರ್ಮಲೈಸ್’ ಅನ್ನೋ ಟಿಕ್ ತೆಗೀರಿ. ಲಿಮಿಟರ್ ಇದ್ದ ಹಾಡೇ ನಿಮಗೆ ಇಷ್ಟವಾಗಿದ್ದರೆ ಅದನ್ನೂ ಬೇರೆ ಹೆಸರಲ್ಲಿ ಜೊತೆಗೆ ಕಳಿಸಿ, ‘ನಮಗೆ ಹೀಗೆ ಬೇಕು’ ಅಂತ ತೋರಿಸೋಕೆ.

ಅಷ್ಟಕ್ಕೂ ವಿಪರೀತ ಜೋರು ಮಾಡಿ ಲಾಭವೂ ಇಲ್ಲ. ಯೂಟ್ಯೂಬ್, ಸ್ಪಾಟಿಫೈ ಎರಡೂ ಹಾಡಿನ ಒಟ್ಟು ಜೋರನ್ನು ಅಳೆದು, ಸುಮಾರು ಮೈನಸ್ 14 ಲಫ್ಸ್ ಅನ್ನೋ ಮಟ್ಟಕ್ಕಿಂತ ಹೆಚ್ಚಿದ್ದರೆ ತಾವೇ ಇಳಿಸ್ತವೆ. ಹಿಂಡಿ ಹಿಪ್ಪೆ ಮಾಡಿದ ಹಾಡು ಅಲ್ಲಿ ಇಳಿದ ಮೇಲೆ ಪಕ್ಕದ ಹಾಡಿಗಿಂತ ಸಪ್ಪೆಯಾಗಿ ಕೇಳುತ್ತೆ.

ನಮ್ಮ ಕಡೆಯವರು ಮುಖ್ಯವಾಗಿ ನೋಡಬೇಕಾದ್ದು ಇನ್ನೊಂದಿದೆ. ಗುಡಿ ಮೇಲಿನ ಹಾರ್ನ್, ಪ್ರಚಾರದ ಆಟೋ, ಅಂಗಡಿ ಮುಂದಿನ ಒಂಟಿ ಸ್ಪೀಕರ್, ಇವೆಲ್ಲ ಮೋನೋ. ಎಡ-ಬಲ ಎರಡೂ ಸೇರಿ ಒಂದೇ ಸದ್ದಾಗಿ ಬರುತ್ತೆ. ದನಿ ‘ಅಗಲ’ ಕೇಳಲಿ ಅಂತ ಸ್ಟೀರಿಯೋ ಎಫೆಕ್ಟ್ ಸುರಿದಿದ್ದರೆ, ಎರಡು ಕಡೆಯ ಅಲೆಗಳು ಒಂದನ್ನೊಂದು ಹೊಡೆದುಹಾಕಿ, ಹಾರ್ನ್‌ನಲ್ಲಿ ಕೋರಸ್ ಅಥವಾ ಹಾಡುವವರ ದನಿಯೇ ಮಾಯವಾಗಬಹುದು. ಹೆಡ್‌ಫೋನ್‌ನಲ್ಲಿ ಇದು ಗೊತ್ತೇ ಆಗಲ್ಲ. ಕಳಿಸುವ ಮೊದಲು ಸ್ಟುಡಿಯೋದವರಿಗೆ ಹೇಳಿ ಒಮ್ಮೆ ಮೋನೋ ಮಾಡಿಸಿ ಕೇಳಿ. ಸರಿಪಡಿಸೋದಿದ್ದರೆ ಮಿಕ್ಸಿಂಗ್‌ನಲ್ಲೇ ಆಗಬೇಕು. ಕರೆಂಟಿನ ‘ಗುಂ’ ಅನ್ನೋ 50 ಹರ್ಟ್ಸ್ ಸದ್ದೂ ಅಷ್ಟೇ. ಆಮೇಲೆ ತೆಗೆಯಹೋದರೆ ಡೊಳ್ಳಿನ ಗಾತ್ರವೂ ಅದರ ಜೊತೆ ಹೋಗುತ್ತೆ.

ಹಾಡಿನ ಹಿಂದೆ ಮುಂದೆ ಒಂದೆರಡು ಸೆಕೆಂಡ್ ಖಾಲಿ ಬಿಡಿ. ಕೊನೆಯ ತಂಬೂರಿ ನಾದ ಪೂರ್ತಿ ಅಡಗುವ ಮೊದಲೇ ಕತ್ತರಿಸಿದ ಫೈಲ್‌ಗೆ ಮದ್ದಿಲ್ಲ. ಆರ್ಕೆಸ್ಟ್ರಾದಲ್ಲಿ ಹಾಡೋಕೆ ದನಿ ಇಲ್ಲದ ಟ್ರ್ಯಾಕ್ ಬೇಕಿದ್ದರೆ ಈಗಲೇ ಅದನ್ನೂ ತೆಗೆಸಿ ಒಟ್ಟಿಗೆ ಮಾಸ್ಟರಿಂಗ್‌ಗೆ ಕೊಡಿ, ವರ್ಷ ಬಿಟ್ಟು ಕೇಳಿದರೆ ಪ್ರಾಜೆಕ್ಟ್ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ. ಫೈಲ್‌ಗೆ ‘ಫೈನಲ್’, ‘ಫೈನಲ್ ನ್ಯೂ’, ‘ಲಾಸ್ಟ್ ಫೈನಲ್’ ಅಂತ ಹೆಸರಿಟ್ಟರೆ ಅಲ್ಲಿರೋರು ಹಳೆಯದನ್ನೇ ಮಾಸ್ಟರ್ ಮಾಡಿಟ್ಟಾರು. ಹಾಡಿನ ಹೆಸರು, ಮಿಕ್ಸ್ ಸಂಖ್ಯೆ, ತಾರೀಖು ಇದ್ದರೆ ಸಾಕು.

ಕಳಿಸೋದು ಹೇಗೆ? 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೋ ವೇವ್ ನಿಮಿಷಕ್ಕೆ 17 ಎಂಬಿ ಚಿಲ್ಲರೆ. 5 ನಿಮಿಷದ ಹಾಡು 86 ಎಂಬಿ ಆಯ್ತು. ಜಿಮೇಲ್‌ನಲ್ಲಿ ಫೈಲ್ ಲಗತ್ತಿಸೋ ಮಿತಿ 25 ಎಂಬಿ, ಅಲ್ಲಿ ಹಿಡಿಸಲ್ಲ. ವಾಟ್ಸಾಪ್‌ನಲ್ಲಾದರೆ ಕ್ಲಿಪ್ ಗುರುತು ಒತ್ತಿ ‘ಡಾಕ್ಯುಮೆಂಟ್’ ಆಗಿಯೇ ಕಳಿಸಿ. ಹಾಗೆ ಹೋದ ಫೈಲ್ ಇದ್ದ ಹಾಗೇ ಇರುತ್ತೆ. ವಾಯ್ಸ್ ಮೆಸೇಜ್ ಆಗಿ ಅಥವಾ ವಿಡಿಯೋ ಜೊತೆ ಸೇರಿಸಿ ಕಳಿಸಿದರೆ ಸದ್ದು ಕುಗ್ಗಿ ಹೋಗುತ್ತೆ. ಗೂಗಲ್ ಡ್ರೈವ್ ಇನ್ನೂ ವಾಸಿ, 15 ಜಿಬಿ ಪುಕ್ಕಟೆ. ಆದರೆ ‘ಲಿಂಕ್ ಇರುವ ಯಾರಾದರೂ’ ಅನ್ನೋ ಆಯ್ಕೆ ಒತ್ತೋದು ಮರೀಬೇಡಿ. ಮರೆತರೆ ಅಲ್ಲಿ ಫೈಲ್ ತೆರೆಯಲ್ಲ, ಜಾತ್ರೆ ದಿನ ಹತ್ತಿರ ಬಂದಾಗ ಫೋನ್ ಮೇಲೆ ಫೋನ್.

ಮಾಸ್ಟರ್ ಆಗಿ ಬಂದ ಫೈಲನ್ನು ಮೊಬೈಲ್, ಕಾರು, ಸಾಧ್ಯವಾದರೆ ಗುಡಿಯ ಹಾರ್ನ್‌ನಲ್ಲೂ ಹಾಕಿ ಕೇಳಿ, ಆಮೇಲಷ್ಟೇ ‘ಓಕೆ’ ಹೇಳಿ. ಬಾಕಿ ದುಡ್ಡು ಕೊಡುವಾಗ ಎಂಪಿ3 ಒಂದೇ ಅಲ್ಲ, ಮಾಸ್ಟರ್ ವೇವ್ ಕೂಡ ಕೇಳಿ ಪಡೀರಿ. ಊರಿನ ಸ್ಟುಡಿಯೋದಿಂದ ಮಿಕ್ಸ್ ವೇವ್ ಮತ್ತು ಬಿಡಿ ಟ್ರ್ಯಾಕ್‌ಗಳನ್ನೂ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಎಂಬತ್ತು ದಾಟಿದ ಅಜ್ಜಿಯ ಸೋಬಾನೆ ಪದ ರೆಕಾರ್ಡ್ ಮಾಡಿಸಿದ್ದರಂತೂ ಇನ್ನೊಂದು ಪ್ರತಿ ಡ್ರೈವ್‌ನಲ್ಲೂ ಇರಲಿ. ಸ್ಟುಡಿಯೋ ಕಂಪ್ಯೂಟರ್ ಯಾವತ್ತು ಫಾರ್ಮ್ಯಾಟ್ ಆಗುತ್ತೋ ಹೇಳೋಕಾಗಲ್ಲ.