ಪಾಡ್‌ಕಾಸ್ಟ್ | ಹತ್ತೇ ಜನ ಆಡಿ ಗೆದ್ದ ಪಂದ್ಯ: ‘ಸುಸ್ತಾಯ್ತು’ ಅಂತ ಹೇಳೋಕೂ ತಂಡ ಬೇಕು

ಇಯರ್‌ಫೋನ್ ಹಾಕ್ಕೊಂಡು ಗ್ರೌಂಡ್‌ಗೆ ಹೊರಟಿದ್ದೀರಾ? ಅಥವಾ ಮ್ಯಾಚ್ ಸೋತು ಬಸ್ಸಲ್ಲಿ ಸುಮ್ನೆ ಕೂತಿದ್ದೀರಾ? ಯಾವುದಾದರೂ ಸರಿ, ಇವತ್ತಿನ ಮಾತು ನಿಮಗೇ. ತಂಡವಾಗಿ ಆಡುವಾಗ ದೇಹ, ಮನಸ್ಸು, ಜೊತೆಗಾರರು ಮೂರೂ ಸಮವಾಗಿರಬೇಕು ಅಂತ ಎಲ್ಲರೂ ಹೇಳ್ತಾರೆ. ಅದು ಮೈದಾನದಲ್ಲಿ ಹೇಗೆ ಕೆಲಸ ಮಾಡುತ್ತೆ? ಒಂದು ಹಾಕಿ ಪಂದ್ಯ ಇಟ್ಕೊಂಡು ನೋಡೋಣ.

2024ರ ಆಗಸ್ಟ್ 4. ಪ್ಯಾರಿಸ್ ಒಲಿಂಪಿಕ್ಸ್, ಪುರುಷರ ಹಾಕಿ ಕ್ವಾರ್ಟರ್ ಫೈನಲ್, ಭಾರತದ ಎದುರು ಗ್ರೇಟ್ ಬ್ರಿಟನ್. 17ನೇ ನಿಮಿಷದಲ್ಲಿ ನಮ್ಮ ಡಿಫೆಂಡರ್ ಅಮಿತ್ ರೋಹಿದಾಸ್ ಅವರ ಸ್ಟಿಕ್ ಎದುರಾಳಿಯ ತಲೆಗೆ ತಾಗಿತು. ರೆಡ್ ಕಾರ್ಡ್! ಹಾಕಿಯಲ್ಲಿ ಹಸಿರು ಕಾರ್ಡ್ ಅಂದ್ರೆ 2 ನಿಮಿಷ ಹೊರಗೆ, ಹಳದಿ ಅಂದ್ರೆ ಕನಿಷ್ಠ 5 ನಿಮಿಷ. ಕೆಂಪು ಬಂತು ಅಂದ್ರೆ ಆ ಆಟಗಾರನ ಪಂದ್ಯ ಮುಗೀತು, ಅವನ ಜಾಗಕ್ಕೆ ಇನ್ನೊಬ್ಬನನ್ನು ಇಳಿಸುವಂತೆಯೂ ಇಲ್ಲ. 60 ನಿಮಿಷದ ಆಟದಲ್ಲಿ ಇನ್ನೂ 40ಕ್ಕಿಂತ ಹೆಚ್ಚು ನಿಮಿಷ ಬಾಕಿ ಇತ್ತು. 11 ಜನರ ವಿರುದ್ಧ 10 ಜನ.

22ನೇ ನಿಮಿಷದಲ್ಲಿ ನಾಯಕ ಹರ್ಮನ್‌ಪ್ರೀತ್ ಸಿಂಗ್ ಗೋಲು ಹೊಡೆದರು. 27ರಲ್ಲಿ ಬ್ರಿಟನ್ ಸಮ ಮಾಡಿತು. ಅಲ್ಲಿಂದ ಕೊನೆಯವರೆಗೂ ಬ್ರಿಟನ್ ಮೇಲಿಂದ ಮೇಲೆ ನುಗ್ಗಿ ಬಂದರೂ ಇನ್ನೊಂದು ಗೋಲು ಆಗಲಿಲ್ಲ. ಶೂಟೌಟ್‌ನಲ್ಲಿ ಭಾರತ 4–2ರಿಂದ ಗೆದ್ದಿತು.

ಗೋಲ್‌ಕೀಪರ್ ಶ್ರೀಜೇಶ್ ಅವರ ಬಗ್ಗೆ ಆವತ್ತು ಎಲ್ಲರೂ ಬರೆದರು, ಬರೀಬೇಕಾದ್ದೇ. ಆದ್ರೆ ನನಗೆ ಕುತೂಹಲ ಇರೋದು ಬೆಂಚಿನ ಬಗ್ಗೆ. ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದ್ರೂ ಬದಲಾಯಿಸಬಹುದು, ಆಟ ನಿಲ್ಲಿಸಬೇಕಿಲ್ಲ. ಪೂರ್ತಿ ವೇಗದಲ್ಲಿ ಓಡುವ ಆಟ ಇದು. ಕೆಲವು ನಿಮಿಷ ಜೋರಾಗಿ ಆಡಿ ಹೊರಗೆ ಬರೋದು, ಉಸಿರು ತಗೊಂಡು ಮತ್ತೆ ಒಳಗೆ ಹೋಗೋದು. ಆ ದಿನದ ಲೆಕ್ಕ ನೋಡಿ: ಗೋಲ್‌ಕೀಪರ್ ಬಿಟ್ಟರೆ ಉಳಿದವರು 14 ಜನ, ಮೈದಾನದಲ್ಲಿ ಜಾಗ 9. ಅಷ್ಟರಲ್ಲೇ 40 ನಿಮಿಷ ತಳ್ಳಬೇಕು.

ಇಲ್ಲೇ ಮೂರೂ ಒಂದಕ್ಕೊಂದು ಹೆಣೆದುಕೊಳ್ಳೋದು. ಕಾಲು ಭಾರ ಆಯ್ತು ಅಂತ ಹೇಳೋದು ದೇಹ. ಅದನ್ನು ಒಪ್ಪಿಕೊಂಡು ಹೊರಗೆ ಬರಬೇಕಾದ್ದು ಮನಸ್ಸು. ಆದ್ರೆ ಮನಸ್ಸು ಯಾವಾಗ ಒಪ್ಪುತ್ತೆ? ‘ನಾನು ಹೊರಗೆ ಬಂದ್ರೆ ಯಾರೂ ನನ್ನನ್ನು ಹೇಡಿ ಅನ್ನಲ್ಲ, ಒಳಗೆ ಹೋದವನು ನನ್ನಷ್ಟೇ ಓಡ್ತಾನೆ’ ಅನ್ನೋ ನಂಬಿಕೆ ಇದ್ದಾಗ. ಆ ನಂಬಿಕೆ ಒಬ್ಬನ ಒಳಗೆ ಹುಟ್ಟಲ್ಲ, ಹತ್ತು ಜನರ ನಡುವೆ ಹುಟ್ಟುತ್ತೆ.

ಆ ದಿನ ಮಿಡ್‌ಫೀಲ್ಡರ್ ಮನ್‌ಪ್ರೀತ್ ಸಿಂಗ್ ಹಿಂದೆ ಬಂದು ಡಿಫೆನ್ಸ್‌ನಲ್ಲಿ ನಿಂತರು. ಹಿಂದಿನ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿದ್ದವರು ಅವರು. ಇಂಥದ್ದು ಪಂದ್ಯದ ದಿನ ಕಲಿಯುವ ಪಾಠ ಅಲ್ಲ. ಭಾರತದ ಹಾಕಿ ತಂಡಗಳು ನಮ್ಮ ಬೆಂಗಳೂರಿನ ಸಾಯ್ ಕೇಂದ್ರದಲ್ಲಿ ತಿಂಗಳುಗಟ್ಟಲೆ ಒಟ್ಟಿಗೇ ಇದ್ದು ತಯಾರಾಗುತ್ತವೆ. 2011ರಲ್ಲಿ ವಿಶ್ವಕಪ್ ಗೆದ್ದ ಕ್ರಿಕೆಟ್ ತಂಡದ ಜೊತೆಗಿದ್ದ ಮನೋಬಲ ತರಬೇತುದಾರ ಪ್ಯಾಡಿ ಅಪ್ಟನ್ ಈ ಹಾಕಿ ತಂಡದ ಜೊತೆಗೂ ಕೆಲಸ ಮಾಡಿದ್ದರು. ಪ್ಯಾರಿಸ್‌ಗೆ ಮುಂಚೆ ಸ್ವಿಟ್ಜರ್ಲೆಂಡ್‌ನಲ್ಲಿ ಸಾಹಸಿ ಮೈಕ್ ಹಾರ್ನ್ ಜೊತೆ 3 ದಿನದ ಶಿಬಿರವೂ ಆಗಿತ್ತು.

ಇದರ ಇನ್ನೊಂದು ಮುಖವೂ ಇದೆ. ಜನ ಜಾಸ್ತಿ ಆದಷ್ಟೂ ಬಲ ಜಾಸ್ತಿ ಅಂದ್ಕೊತೀವಿ, ಅಲ್ವಾ? ಫ್ರಾನ್ಸ್‌ನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಹಗ್ಗ ಎಳೆಸಿ ಇದನ್ನು ಅಳೆದರು. 1913ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಏನು ಗೊತ್ತಾ? ಎಳೆಯುವವರು ಹೆಚ್ಚಾದಂತೆ ತಲಾ ಬಲ ಇಳಿಯುತ್ತಾ ಹೋಯ್ತು. 8 ಜನ ಆದಾಗ ಸುಮಾರು ಅರ್ಧಕ್ಕೆ ಬಂತು. ಒಂದು ಕಾರಣ, ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯಲ್ಲ. ಇನ್ನೊಂದು ಕಾರಣ ನಮ್ಮೂರ ಹಬ್ಬದಲ್ಲಿ ಹಗ್ಗಜಗ್ಗಾಟ ಆಡಿದವರಿಗೆಲ್ಲ ಗೊತ್ತು: ಬಾಯಿಬಿಟ್ಟು ಕೂಗೋದೇನೋ ಜೋರು, ಕೈ ಮಾತ್ರ ಹಗುರ! ‘ಹೆಂಗೂ ಉಳಿದವರು ಎಳೀತಾರೆ’. 10 ಜನ ಉಳಿದ ತಂಡದಲ್ಲಿ ಹಾಗೆ ಅಡಗಿಕೊಳ್ಳೋಕೆ ಜಾಗವೇ ಇರಲ್ಲ. ಇದು ನನ್ನ ಊಹೆ ಅಷ್ಟೇ.

ಈಗ ಮನಸ್ಸಿನ ಕಡೆಯಿಂದ ಬರೋಣ. 2025ರ ಅಕ್ಟೋಬರ್ 30, ಮಹಿಳಾ ಏಕದಿನ ವಿಶ್ವಕಪ್ ಸೆಮಿಫೈನಲ್. ಆಸ್ಟ್ರೇಲಿಯಾ ಕೊಟ್ಟ ಗುರಿ 339. ಜೆಮಿಮಾ ರಾಡ್ರಿಗಸ್ ಔಟಾಗದೆ 127 ರನ್ ಹೊಡೆದು ಭಾರತವನ್ನು ಫೈನಲ್‌ಗೆ ಕರೆದೊಯ್ದರು. ಅದೇ ಟೂರ್ನಿಯಲ್ಲಿ ಅವರನ್ನು ಒಂದು ಪಂದ್ಯಕ್ಕೆ ಕೈಬಿಡಲಾಗಿತ್ತು. ಸೆಮಿಫೈನಲ್ ಮುಗಿದ ಮೇಲೆ ಪತ್ರಕರ್ತರ ಮುಂದೆ ಅವರು ಬಿಚ್ಚು ಮನಸ್ಸಿನಿಂದ ಹೇಳಿಕೊಂಡರು: ಟೂರ್ನಿಯ ಶುರುವಿನಲ್ಲಿ ವಿಪರೀತ ಆತಂಕ, ಅಮ್ಮನಿಗೆ ಫೋನ್ ಮಾಡಿ ಅಳುತ್ತಿದ್ದೆ, ಅರುಂಧತಿ ರೆಡ್ಡಿ ಮುಂದೆಯೂ ಅಳುತ್ತಿದ್ದೆ ಅಂತ. ಸ್ಮೃತಿ ಮಂದಾನಾ, ರಾಧಾ ಯಾದವ್ ಜೊತೆಗಿದ್ದದ್ದನ್ನೂ ನೆನೆದರು. ಸ್ಕೋರ್‌ಬೋರ್ಡ್‌ನಲ್ಲಿ ಈ ಯಾವ ಆಸರೆಯೂ ಕಾಣಲ್ಲ.

ನಂದೂ ಒಂದು ಕಥೆ ಇದೆ, ಚಿಕ್ಕದು. ಕಾಲೇಜಿನ ಖೋ ಖೋ ತಂಡದಲ್ಲಿದ್ದಾಗ ಪಂದ್ಯದ ಹಿಂದಿನ ದಿನ ಕಾಲು ಉಳುಕಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದ್ರೆ ನನ್ನ ಜಾಗಕ್ಕೆ ಕಾಯ್ತಿದ್ದ ಹುಡುಗ ಬರ್ತಾನೆ, ಆಮೇಲೆ ನನಗೆ ಜಾಗ ಸಿಗಲ್ಲ ಅನ್ನೋ ಭಯ. ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ಆಡಿದೆ. ಎರಡನೇ ಸರದಿಯಲ್ಲಿ ಕಂಬ ಸುತ್ತುವಾಗ ಕುಸಿದೆ. ಎರಡು ತಿಂಗಳು ಮನೆಯಲ್ಲಿ. ಆಗ ತಪ್ಪೆಲ್ಲ ಕಾಲಿನದ್ದು ಅಂದ್ಕೊಂಡಿದ್ದೆ.

ಹಾಗಾಗಿ ನೀವು ಕ್ಯಾಪ್ಟನ್ ಆಗಿದ್ರೆ, ವಾರ್ಮ್‌ಅಪ್ ಮುಂಚೆ ಎರಡೇ ಪ್ರಶ್ನೆ ಕೇಳಿ ನೋಡಿ: ‘ರಾತ್ರಿ ನಿದ್ದೆ ಆಯ್ತಾ? ಎಲ್ಲಾದ್ರೂ ನೋವಿದ್ಯಾ?’ ಮೊದಲ ಉತ್ತರ ನೀವೇ ಕೊಡಿ. ‘ನನಗೆ ಇವತ್ತು ಸರಿಯಿಲ್ಲ ಕಣ್ರೋ’ ಅಂತ ಕ್ಯಾಪ್ಟನ್ ಹೇಳಿದ ಮೇಲೆ ಉಳಿದವರ ಬಾಯಿ ತಾನಾಗೇ ಬಿಚ್ಚುತ್ತೆ. ಹೇಳಿದವನನ್ನು ಮುಂದಿನ ಪಂದ್ಯಕ್ಕೆ ಮರೆಯದೆ ಕರೀರಿ. ಇಲ್ಲಾಂದ್ರೆ ಇನ್ಯಾರೂ ಹೇಳಲ್ಲ. ಆತಂಕ, ನಿದ್ದೆ ಬಾರದಿರೋದು ವಾರಗಟ್ಟಲೆ ಹಾಗೇ ಇದ್ರೆ ಗೆಳೆಯರ ಜೊತೆ ಮಾತಾಡಿದ್ರಷ್ಟೇ ಸಾಲಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಅಂದಹಾಗೆ, ಪ್ಯಾರಿಸ್ ಕಥೆ ಪೂರ್ತಿ ಹೇಳಲಿಲ್ಲ. ರೋಹಿದಾಸ್ ಮೇಲೆ ಒಂದು ಪಂದ್ಯದ ನಿಷೇಧ ಬಿತ್ತು. ಅವರಿಲ್ಲದ ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು 2–3ರ ಸೋಲು. ಆಗಸ್ಟ್ 8ರಂದು ಸ್ಪೇನ್ ವಿರುದ್ಧ ಕಂಚಿನ ಪಂದ್ಯಕ್ಕೆ ಅವರು ತಂಡಕ್ಕೆ ಮರಳಿದರು. ಭಾರತ 2–1ರಿಂದ ಗೆದ್ದಿತು.