ಬೇಸಗೆಯ ಹಿಮ, ಬದಲಾದ ಓಟದ ದಾರಿ

ಓಟದ ಸ್ಪರ್ಧೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಸುಣ್ಣದ ಗೆರೆಗಳನ್ನೆಳೆದ ಮಟ್ಟಸವಾದ ಮೈದಾನ. ಅಲ್ಲಿ ದೂರವೂ ನಿಶ್ಚಿತ, ದಾರಿಯೂ ನಿಶ್ಚಿತ. ಬೆಟ್ಟದ ಕಾಲುದಾರಿಗಳಲ್ಲಿ ನಡೆಯುವ ಓಟದ ಸಂಗತಿ ಬೇರೆ. ಅಲ್ಲಿ ದಾರಿಯನ್ನು ಗೊತ್ತುಪಡಿಸುವುದರಲ್ಲಿ ಪ್ರಕೃತಿಗೂ ಒಂದು ಪಾಲುಂಟು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಸಿಯೆರಾ ನೆವಾಡ ಪರ್ವತಗಳಲ್ಲಿ ಜೂನ್ ತಿಂಗಳ ಕೊನೆಯ ಭಾಗದಲ್ಲಿ ನಡೆಯುವ 100 ಮೈಲಿಗಳ ಓಟವೊಂದು 2010ರಲ್ಲಿಯೂ 2011ರಲ್ಲಿಯೂ ತನ್ನ ಎಂದಿನ ದಾರಿಯ ಒಂದು ಭಾಗವನ್ನು ಬಿಟ್ಟು ಬೇರೆ ದಾರಿಯನ್ನು ಹಿಡಿಯಬೇಕಾಯಿತು. ಕಾರಣವಿಷ್ಟೆ: ಹಿಂದಿನ ಚಳಿಗಾಲದಲ್ಲಿ ಬಿದ್ದ ಹಿಮ ಇನ್ನೂ ಕರಗಿರಲಿಲ್ಲ.

ಜೂನ್ ತಿಂಗಳು ಅಲ್ಲಿ ಬೇಸಗೆಯ ಕಾಲ. ಹಗಲು ಹೆಚ್ಚುಕಡಿಮೆ ಹದಿನೈದು ಗಂಟೆಗಳಷ್ಟು ದೀರ್ಘ. ಇದೇ ಓಟದ ದಾರಿಯಲ್ಲಿ ಮುಂದೆ ಬರುವ ಆಳವಾದ ಕಣಿವೆಗಳಲ್ಲಿ ಉಷ್ಣತೆ 38 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದುಂಟು. ಹೀಗಿರಲು ಮೇಲಿನ ಇಳಿಜಾರುಗಳಲ್ಲಿ ಹಿಮವು ಬಿಸಿಲಿಗೆ ಅಂಜದೆ ಉಳಿಯುವುದು ಹೇಗೆ? ಒಂದು ವರ್ಷ ಬೇಗನೆ ಹೋಗುವ ಹಿಮ ಇನ್ನೊಂದು ವರ್ಷ ತಿಂಗಳುಗಟ್ಟಲೆ ನಿಲ್ಲುವುದೇಕೆ? ಈ ಪ್ರಶ್ನೆಗಳಿಗೆ ಉತ್ತರ ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿಯೇ ಇದೆ.

ಒಂಟಿ ಓಟಗಾರನಿಂದ ಆರಂಭ

ಮೊದಲು ಓಟದ ವಿಚಾರವನ್ನು ಸ್ವಲ್ಪ ತಿಳಿದುಕೊಳ್ಳೋಣ. 1955ರಿಂದ ಈ ದಾರಿಯಲ್ಲಿ ನಡೆಯುತ್ತಿದ್ದುದು ಕುದುರೆ ಸವಾರಿಯ ಸ್ಪರ್ಧೆ. ಒಂದೇ ದಿನದಲ್ಲಿ 100 ಮೈಲಿಗಳನ್ನು ಕ್ರಮಿಸುವುದು ಅದರ ಪಣ. 1974ರಲ್ಲಿ ಗೋರ್ಡಿ ಏನ್ಸ್‌ಲೀ ಎಂಬಾತನು ಕುದುರೆಯಿಲ್ಲದೆ, ತನ್ನ ಕಾಲುಗಳನ್ನೇ ನಂಬಿ ಸವಾರರೊಡನೆ ಹೊರಟನು. ಅವನಿಗೆ ಪ್ರತಿಸ್ಪರ್ಧಿಗಳೂ ಇರಲಿಲ್ಲ, ಕಾಲ್ನಡಿಗೆಯವರಿಗೆಂದು ಮಾಡಿದ ನಿಯಮಗಳೂ ಇರಲಿಲ್ಲ. 23 ಗಂಟೆ 42 ನಿಮಿಷಗಳಲ್ಲಿ ಅವನು ಗುರಿಯನ್ನು ಮುಟ್ಟಿದನು. ಈ ಅನೌಪಚಾರಿಕ ಸಾಹಸದಿಂದ ಹುಟ್ಟಿದ ‘ವೆಸ್ಟರ್ನ್ ಸ್ಟೇಟ್ಸ್’ ಓಟಕ್ಕೆ ಇಂದು ಸಾವಿರಾರು ಮಂದಿ ಅರ್ಜಿ ಹಾಕುವರು; ಕೆಲವು ನೂರು ಮಂದಿಗೆ ಮಾತ್ರ ಅವಕಾಶ. 24 ಗಂಟೆಗಳೊಳಗೆ ಓಡಿ ಮುಗಿಸಿದವರಿಗೆ ದೊರೆಯುವುದು ಹಣವಲ್ಲ, ಸೊಂಟಪಟ್ಟಿಗೆ ಹಾಕುವ ಬೆಳ್ಳಿಯ ಬಿಲ್ಲೆ.

ಓಟ ಆರಂಭವಾಗುವುದು ಒಲಿಂಪಿಕ್ ಕಣಿವೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,900 ಮೀಟರುಗಳ ಎತ್ತರದಲ್ಲಿ. ಮೊದಲ ನಾಲ್ಕೈದು ಮೈಲಿಗಳಲ್ಲಿಯೇ ದಾರಿ ಸುಮಾರು 2,670 ಮೀಟರುಗಳ ಎತ್ತರವನ್ನು ಏರುತ್ತದೆ. ಆಮೇಲೆ ಬೆಟ್ಟದ ಏಣುಗಳ ಮೇಲೆ ಸಾಗಿ, ಕಣಿವೆಗಳಲ್ಲಿ ಇಳಿದು ಹತ್ತಿ, ಆಬರ್ನ್ ಪಟ್ಟಣದ ಪ್ರೌಢಶಾಲೆಯೊಂದರ ಮೈದಾನದಲ್ಲಿ ಮುಗಿಯುತ್ತದೆ. ಹಿಮದ ತೊಡಕು ಕಾಣಿಸುವುದು ಈ ದಾರಿಯ ಮೊದಲ ಭಾಗದಲ್ಲಿ.

ಕಣ್ಣಿಗೆ ಕಾಣದ ಶಾಖ

ನಮ್ಮ ನಾಡಿನಲ್ಲಿ ಹಿಮ ಬೀಳುವುದಿಲ್ಲ. ಆದರೆ ಮಂಜುಗಡ್ಡೆಯನ್ನು ನೋಡದವರಿಲ್ಲ. ಪಾನಕದ ಲೋಟದಲ್ಲಿ ಮಂಜುಗಡ್ಡೆಯ ಚೂರುಗಳನ್ನು ಹಾಕಿ ಉಷ್ಣತಾಮಾಪಕವನ್ನು ಅದ್ದಿ ನೋಡಿ. ಚೂರುಗಳು ಉಳಿದಿರುವ ತನಕ, ಕಲಕುತ್ತಿದ್ದರೆ, ಪಾನಕದ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿಯೇ ನಿಂತಿರುತ್ತದೆ. ಕೊಠಡಿಯ ಬಿಸಿ ಗಾಳಿಯಿಂದ ಲೋಟಕ್ಕೆ ಶಾಖ ಹರಿಯುತ್ತಲೇ ಇದೆ. ಆದರೂ ಉಷ್ಣತೆ ಏರದು. ಬಂದ ಶಾಖವೆಲ್ಲ ಗಡ್ಡೆಯನ್ನು ಕರಗಿಸುವ ಕೆಲಸದಲ್ಲಿ ವ್ಯಯವಾಗುತ್ತಿದೆ. ಇದಕ್ಕೆ ಗುಪ್ತೋಷ್ಣ ಎಂದು ಹೆಸರು.

ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿಯಷ್ಟು ಏರಿಸಲು ಒಂದು ಕ್ಯಾಲೊರಿ ಶಾಖ ಸಾಕು. ಆದರೆ ಸೊನ್ನೆ ಡಿಗ್ರಿಯ ಒಂದು ಗ್ರಾಂ ಮಂಜುಗಡ್ಡೆಯನ್ನು ಸೊನ್ನೆ ಡಿಗ್ರಿಯ ನೀರಾಗಿಸಲು ಸುಮಾರು 80 ಕ್ಯಾಲೊರಿ ಬೇಕು! ಹದಿನೆಂಟನೆಯ ಶತಮಾನದ ನಡುವಿನಲ್ಲಿ ಗ್ಲಾಸ್ಗೋ ನಗರದ ಪ್ರಾಧ್ಯಾಪಕ ಜೋಸೆಫ್ ಬ್ಲ್ಯಾಕ್ ಈ ತತ್ತ್ವವನ್ನು ಕಂಡುಕೊಂಡನು. ಅವನು ತೋರಿಸಿದ ಒಂದು ಅಂಶ ಗಮನಾರ್ಹ: ಗುಪ್ತೋಷ್ಣವಿಲ್ಲದೆ ಹೋಗಿದ್ದರೆ, ವಸಂತ ಕಾಲದ ಗಾಳಿ ತುಸು ಬೆಚ್ಚಗಾದೊಡನೆಯೇ ಬೆಟ್ಟದ ಹಿಮವೆಲ್ಲ ಒಮ್ಮೆಗೇ ಕರಗಿ, ಭಯಂಕರವಾದ ಪ್ರವಾಹಗಳು ಕೆಳಗಿನ ಊರುಗಳನ್ನು ಕೊಚ್ಚಿಕೊಂಡು ಹೋಗುತ್ತಿದ್ದುವು. ಹಿಮವು ಮೆಲ್ಲಮೆಲ್ಲನೆ ಕರಗುವುದು ಓಟಗಾರರಿಗೆ ಅಡ್ಡಿಯಾದರೂ ಜನಪದಕ್ಕೆ ವರ.

ಜಮಾ ಮತ್ತು ಖರ್ಚು

ಈಗ ನಾವೇ ಒಂದು ಲೆಕ್ಕ ಹಾಕಿ ನೋಡೋಣ. ಮೇ ತಿಂಗಳ ಮಧ್ಯದಲ್ಲಿ ಒಂದು ಇಳಿಜಾರಿನ ಮೇಲೆ 2 ಮೀಟರು ದಪ್ಪದ ಹಿಮವಿದೆಯೆಂದು ಭಾವಿಸೋಣ. ಹೊಸದಾಗಿ ಬಿದ್ದ ಹಿಮ ಹತ್ತಿಯಂತೆ ಹಗುರ. ಆದರೆ ಚಳಿಗಾಲವನ್ನು ಕಳೆದು ಕುಗ್ಗಿ ಗಟ್ಟಿಯಾದ ಹಿಮದ ಸಾಂದ್ರತೆ ನೀರಿನ ಸಾಂದ್ರತೆಯ ಅರ್ಧದಷ್ಟಿರುತ್ತದೆ. ಆದುದರಿಂದ ಒಂದು ಚದರ ಸೆಂಟಿಮೀಟರು ನೆಲದ ಮೇಲಿರುವ ಹಿಮದ ತೂಕ 100 ಗ್ರಾಂ. ಅದು ಸೊನ್ನೆ ಡಿಗ್ರಿಯಲ್ಲಿಯೇ ಇದ್ದರೂ ಅದನ್ನು ಕರಗಿಸಲು 8,000 ಕ್ಯಾಲೊರಿ ಶಾಖ ಬೇಕು. ಇದು ಖರ್ಚಿನ ಬಾಬು.

ಜಮೆಯ ಕಡೆ ಮುಖ್ಯವಾದುದು ಸೂರ್ಯನ ಬೆಳಕು. ಆ ಅಕ್ಷಾಂಶದಲ್ಲಿ ಮೋಡವಿಲ್ಲದ ಬೇಸಗೆಯ ದಿನವೊಂದರಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 700 ಕ್ಯಾಲೊರಿ ಬೀಳುತ್ತದೆ. ಆದರೆ ಹಿಮ ಅದನ್ನೆಲ್ಲ ತೆಗೆದುಕೊಳ್ಳುವುದಿಲ್ಲ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80ರಿಂದ 90 ಪಾಲನ್ನೂ, ಹಳೆಯ ಹಿಮ 50ರಿಂದ 60 ಪಾಲನ್ನೂ ಹಿಂದಕ್ಕೆ ಪ್ರತಿಫಲಿಸಿಬಿಡುತ್ತದೆ. ಹಳೆಯ ಹಿಮಕ್ಕೆ ನೂರರಲ್ಲಿ 40 ಪಾಲು ದಕ್ಕುವುದೆಂದಿಟ್ಟುಕೊಂಡರೆ ದಿನಕ್ಕೆ 280 ಕ್ಯಾಲೊರಿ. ಬೆಚ್ಚನೆಯ ಗಾಳಿಯಿಂದಲೂ ಹಿಮಕ್ಕೆ ಸ್ವಲ್ಪ ಶಾಖ ಬರುತ್ತದೆ. ಅವಕೆಂಪು ಕಿರಣಗಳ ರೂಪದಲ್ಲಿ ಸ್ವಲ್ಪ ಆಕಾಶಕ್ಕೆ ಹೋಗುತ್ತದೆ. ಇವೆರಡೂ ಸರಿಸಮವೆಂದು ಭಾವಿಸಿದರೆ, 8,000ವನ್ನು 280ರಿಂದ ಭಾಗಿಸಿದಾಗ ಬರುವುದು ಸುಮಾರು 29 ದಿನ. ಅಂದರೆ ಜೂನ್ ಮಧ್ಯದ ಹೊತ್ತಿಗೆ ಇಳಿಜಾರು ಬರಿದಾಗುತ್ತದೆ, ಓಟಕ್ಕೆ ಅಡ್ಡಿಯಿಲ್ಲ.

ಆದರೆ ಆ ಚಳಿಗಾಲದಲ್ಲಿ ಹಿಮ ಹೆಚ್ಚಾಗಿ ಬಿದ್ದು, ಮೇ ತಿಂಗಳಿನಲ್ಲಿ 3 ಮೀಟರು ಉಳಿದಿದ್ದರೆ? ಆಗ ಬೇಕಾಗುವುದು 43 ದಿನ. ಹಿಮ ಹೋಗುವುದು ಜೂನ್ ಕೊನೆಗೆ, ಸರಿಯಾಗಿ ಓಟದ ಹೊತ್ತಿಗೆ. ಇನ್ನು ಮರಗಳ ನೆರಳಿರುವ ಉತ್ತರದ ಇಳಿಜಾರಿಗೆ ಅರ್ಧದಷ್ಟೇ ಬಿಸಿಲು ಬೀಳುವುದೆಂದಿಟ್ಟುಕೊಂಡರೆ, ಅಲ್ಲಿ 2 ಮೀಟರು ಹಿಮಕ್ಕೂ 57 ದಿನ ಬೇಕು. ಆಗ ಜುಲೈ ಎರಡನೆಯ ವಾರವೂ ಬಂದಿರುತ್ತದೆ. ಬೆಂಗಳೂರಿನಲ್ಲಿ ಜೂನ್ ತಿಂಗಳ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕಿರುತ್ತಾನೆ. ಸುಮಾರು 39 ಡಿಗ್ರಿ ಉತ್ತರ ಅಕ್ಷಾಂಶದ ಸಿಯೆರಾದಲ್ಲಿ ನಡುಹಗಲಿನ ಸೂರ್ಯ ಯಾವಾಗಲೂ ದಕ್ಷಿಣದ ಕಡೆಗೇ. ಆದುದರಿಂದಲೇ ಅಲ್ಲಿ ಒಂದೇ ಬೆಟ್ಟದ ದಕ್ಷಿಣದ ಮೈಯಲ್ಲಿ ಹೂ ಅರಳಿರುವಾಗ ಉತ್ತರದ ಮೈ ಬೆಳ್ಳಗೆ ಕಾಣಬಹುದು.

ಹಿಮದ ಬಣ್ಣದ ಪ್ರಭಾವವೂ ಸಣ್ಣದಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಬೇರೆ ಬೇರೆ ಬಣ್ಣದ ಬಟ್ಟೆಯ ತುಂಡುಗಳನ್ನು ಬಿಸಿಲಿನಲ್ಲಿ ಹಿಮದ ಮೇಲೆ ಹಾಸಿದಾಗ, ಕಪ್ಪು ತುಂಡು ಎಲ್ಲಕ್ಕಿಂತ ಆಳವಾಗಿ ಇಳಿಯಿತು. ಬಿಳಿಯದು ಮೇಲೆಯೇ ಉಳಿಯಿತು. ಬೆಟ್ಟದಲ್ಲಿ ಧೂಳು, ಪೈನ್ ಮರದ ಒಣಗಿದ ಎಲೆ, ಹಿಮದಲ್ಲಿಯೇ ಬೆಳೆದು ಅದನ್ನು ನಸುಗೆಂಪಾಗಿಸುವ ಸೂಕ್ಷ್ಮ ಪಾಚಿ, ಇವು ಕಪ್ಪು ಬಟ್ಟೆಯ ಕೆಲಸವನ್ನೇ ಮಾಡುತ್ತವೆ.

ಪಾದದ ಕೆಳಗಿನ ಅಪಾಯ

ಹಿಮವಿದ್ದರೇನಂತೆ, ಅದರ ಮೇಲೆಯೇ ಓಡಬಾರದೆ ಎಂದು ವಾಚಕರು ಕೇಳಬಹುದು. ಸ್ವಲ್ಪ ಹಿಮವಿದ್ದ ವರ್ಷಗಳಲ್ಲಿ ಓಡುವುದೂ ಉಂಟು. ಆದರೆ ಓಟ ಹೊರಡುವುದು ಬೆಳಗಿನ ಐದು ಗಂಟೆಗೆ. ನಿರ್ಮಲವಾದ ರಾತ್ರಿಯಲ್ಲಿ ಹಿಮದ ಮೇಲ್ಮೈ ಅವಕೆಂಪು ಕಿರಣಗಳನ್ನು ಆಕಾಶಕ್ಕೆ ಸೂಸಿ, ಗಾಳಿಗಿಂತಲೂ ತಣ್ಣಗಾಗಿ, ಗಟ್ಟಿಯಾದ ನುಣುಪು ಪದರವಾಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಅದರ ಮೇಲೆ ಜಾರಿದವನನ್ನು ತಡೆಯುವಷ್ಟು ಘರ್ಷಣೆ ಅಲ್ಲಿರುವುದಿಲ್ಲ; ಅವನು ನಿಲ್ಲುವುದು ಬಂಡೆಗೋ ಮರಕ್ಕೋ ಬಡಿದಾಗ.

ಬಿಸಿಲೇರಿದ ಮೇಲೆ ತೊಂದರೆಯ ಬಗೆ ಬದಲಾಗುತ್ತದೆ. ಹರಳುಗಳ ನಡುವಿನ ಬೆಸುಗೆ ಸಡಿಲವಾಗಿ ಹಿಮ ಮೆತ್ತಗಾಗುತ್ತದೆ. 60 ಕಿಲೋಗ್ರಾಂ ತೂಗುವವನು 200 ಚದರ ಸೆಂಟಿಮೀಟರು ವಿಸ್ತಾರದ ಒಂದು ಪಾದದ ಮೇಲೆ ನಿಂತರೆ, ಪ್ರತಿ ಚದರ ಸೆಂಟಿಮೀಟರಿನ ಮೇಲೆ 300 ಗ್ರಾಂ ಭಾರ ಬೀಳುತ್ತದೆ. ಓಡುವಾಗ ಅದರ ಎರಡು ಮೂರು ಪಾಲು. ಮೆತ್ತಗಾದ ಹಿಮ ಇದನ್ನು ತಾಳದೆ ಕಾಲು ಮೊಣಕಾಲಿನ ತನಕ ಹೂತುಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಅಪಾಯವಿರುವುದು ತೊರೆಗಳನ್ನು ಮುಚ್ಚಿದ ಹಿಮದಲ್ಲಿ. ಕೆಳಗೆ ಹರಿಯುವ ನೀರು ಹಿಮವನ್ನು ಅಡಿಯಿಂದ ಕೊರೆಯುತ್ತದೆ. ಮೇಲೆ ನೋಡಿದರೆ ಅಖಂಡವಾದ ನೆಲ. ಒಳಗೆ ಟೊಳ್ಳಾದ ಸೇತುವೆ. ಅದು ಯಾವ ಹೆಜ್ಜೆಗೆ ಕುಸಿಯುವುದೆಂದು ನೋಟದಿಂದ ತಿಳಿಯದು. ಸಾಲದುದಕ್ಕೆ, ಕಾಲುದಾರಿಯೇ ಮುಚ್ಚಿಹೋಗಿರುತ್ತದೆ. ಗುರುತಿಗೆಂದು ಹಿಮದಲ್ಲಿ ನೆಟ್ಟ ಬಾವುಟಗಳು ಹಿಮ ಕರಗಿದಂತೆ ವಾಲಿ ಬೀಳುತ್ತವೆ. ಆಹಾರ, ಔಷಧಗಳ ನೆರವು ಕೇಂದ್ರಗಳಿಗೆ ಹೋಗುವ ವಾಹನಗಳೂ ಅರಣ್ಯದ ರಸ್ತೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಗಾಯಗೊಂಡವನ ಬಳಿಗೆ ಬೇಗ ತಲುಪಲಾಗದ ಕಡೆ ನೂರಾರು ಮಂದಿಯನ್ನು ಓಡಿಸುವುದು ಸರಿಯೆ? ವ್ಯವಸ್ಥಾಪಕರು ಉತ್ತರಿಸಬೇಕಾದ ನಿಜವಾದ ಪ್ರಶ್ನೆ ಇದು.

ತಗ್ಗಿನ ದಾರಿ ಮತ್ತು ತುಂಬಿದ ಹೊಳೆ

ಪರಿಹಾರವೂ ಭೌತಶಾಸ್ತ್ರದ್ದೇ. ಎತ್ತರ 1,000 ಮೀಟರು ಇಳಿದರೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿಯಷ್ಟು ಏರುತ್ತದೆ. ತಗ್ಗಿನಲ್ಲಿ ಬಿದ್ದ ಹಿಮವೂ ಕಡಮೆ, ಕರಗುವ ವೇಗವೂ ಹೆಚ್ಚು. ಆದುದರಿಂದ 2010ರಲ್ಲಿಯೂ 2011ರಲ್ಲಿಯೂ ಎತ್ತರದ ಏಣಿನ ಒಂದು ಭಾಗವನ್ನು ಬಿಟ್ಟು, ತಗ್ಗಿನ ‘ಹಿಮವರ್ಷದ ದಾರಿ’ಯಲ್ಲಿ ಓಟವನ್ನು ನಡೆಸಿದರು.

ಆದರೆ ಮೇಲಿನ ಹಿಮದಿಂದ ತಪ್ಪಿಸಿಕೊಂಡವನು ಕೆಳಗೆ ಅದರ ನೀರನ್ನು ಎದುರಿಸಲೇಬೇಕು. 78ನೆಯ ಮೈಲಿಯಲ್ಲಿ ರಕಿ ಚಕಿ ಎಂಬಲ್ಲಿ ಓಟಗಾರರು ಅಮೆರಿಕನ್ ನದಿಯ ಕವಲೊಂದನ್ನು ದಾಟಬೇಕು. ನೀರು ಕಡಮೆಯಿದ್ದರೆ ಅಡ್ಡಲಾಗಿ ಕಟ್ಟಿದ ಹಗ್ಗವನ್ನು ಹಿಡಿದು ಸೊಂಟಮಟ್ಟದ ನೀರಿನಲ್ಲಿ ನಡೆಯುವರು. ಹೆಚ್ಚಿದ್ದರೆ ರಬ್ಬರಿನ ದೋಣಿಗಳಲ್ಲಿ ಸಾಗುವರು.

ದಾರಿ ಬದಲಾದರೆ ದಾಖಲೆಯ ಗತಿಯೇನು? 2010ರಲ್ಲಿ ಜೆಫ್ ರೋಸ್ 15 ಗಂಟೆ 7 ನಿಮಿಷ 4 ಸೆಕೆಂಡುಗಳಲ್ಲಿ ಓಡಿ, ಅಲ್ಲಿಯವರೆಗಿನ ಅತಿ ವೇಗದ ಕಾಲವನ್ನು ಸಾಧಿಸಿದನು. 2011ರಲ್ಲಿ ಗೆದ್ದ ಕಿಲಿಯನ್ ಜೋರ್ನೆಗೆ 15 ಗಂಟೆ 34 ನಿಮಿಷ ಹಿಡಿಯಿತು. ಇವನ್ನು ಎಂದಿನ ದಾರಿಯ ಕಾಲಗಳೊಡನೆ ಹೋಲಿಸುವಾಗ ಎಚ್ಚರಿಕೆ ಬೇಕು. ಪ್ರಯೋಗದ ಪರಿಸ್ಥಿತಿ ಬದಲಾದಾಗ ಫಲಿತಾಂಶದ ಪಕ್ಕದಲ್ಲಿ ಅದನ್ನೂ ಬರೆದಿಡಬೇಕೆಂಬುದು ಪ್ರಯೋಗಶಾಲೆಯ ಮೊದಲ ಪಾಠ. ಹಾಗೆಂದು ಹಳೆಯ ದಾರಿಗೇ ಅಂಟಿಕೊಳ್ಳುವುದು ಸರಿಯಲ್ಲ. ಕೊಲೊರಾಡೊ ರಾಜ್ಯದ ‘ಹಾರ್ಡ್‌ರಾಕ್’ ಓಟವನ್ನು ಹಿಮದ ಕಾರಣದಿಂದ 1995ರಲ್ಲಿಯೂ 2019ರಲ್ಲಿಯೂ ನಿಲ್ಲಿಸಿಯೇಬಿಟ್ಟರು.

ಬೆಟ್ಟದ ಮೇಲಿನ ಕೆರೆ

ಈ ಹಿಮದ ಅಳತೆ ಓಟಗಾರರಿಗಿಂತ ಹೆಚ್ಚಾಗಿ ರೈತರಿಗೂ ನಗರಗಳಿಗೂ ಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೆವಾಡ ವಿಶ್ವವಿದ್ಯಾನಿಲಯದಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ಜೇಮ್ಸ್ ಚರ್ಚ್ ಎಂಬ ಅಧ್ಯಾಪಕನು, ಟೊಳ್ಳಾದ ಕೊಳವೆಯನ್ನು ಹಿಮದೊಳಗೆ ಇಳಿಸಿ, ಹೊರತೆಗೆದು ತೂಗಿ, ಅದರಲ್ಲಿ ಎಷ್ಟು ನೀರಿದೆಯೆಂದು ತಿಳಿಯುವ ವಿಧಾನವನ್ನು ರೂಪಿಸಿದನು. ಕ್ಯಾಲಿಫೋರ್ನಿಯಕ್ಕೆ ಬೇಕಾದ ನೀರಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಸಿಯೆರಾದ ಹಿಮದಿಂದ ಬರುತ್ತದೆ. ಅಣೆಕಟ್ಟಿಲ್ಲದೆ ನೀರನ್ನು ಬೇಸಗೆಗಾಗಿ ಕೂಡಿಡುವ ದೊಡ್ಡ ಕೆರೆಯದು.

ಈ ಕೆರೆ ಎಲ್ಲ ವರ್ಷಗಳಲ್ಲಿಯೂ ಒಂದೇ ಸಮನಾಗಿ ತುಂಬುವುದಿಲ್ಲ. 2015ರ ಏಪ್ರಿಲ್ ಆರಂಭದಲ್ಲಿ ಅಲ್ಲಿದ್ದ ಹಿಮದ ನೀರು ಸರಾಸರಿಯ ನೂರಕ್ಕೆ 5 ಪಾಲು ಮಾತ್ರ. 2023ರಲ್ಲಿ ಸರಾಸರಿಯ ಎರಡು ಪಟ್ಟಿಗೂ ಮಿಗಿಲು. ಆದುದರಿಂದ ಯಾವುದೋ ಒಂದು ಜೂನ್ ತಿಂಗಳಿನಲ್ಲಿ ಹಿಮ ಉಳಿದಿತ್ತೆಂಬುದನ್ನು ಹಿಡಿದು, ಭೂಮಿ ಬೆಚ್ಚಗಾಗುತ್ತಿಲ್ಲವೆಂದು ವಾದಿಸುವುದು ತಪ್ಪು. ಒಂದು ವರ್ಷದ ಹಿಮ ಹವೆಯ ಮಾತು. ಹಲವು ದಶಕಗಳ ಸರಾಸರಿ ಹವಾಗುಣದ ಮಾತು. ಮೇಲೆ ಹೇಳಿದ ಆರೂವರೆ ಡಿಗ್ರಿಯ ಲೆಕ್ಕವನ್ನೇ ತಿರುಗಿಸಿದರೆ, ಗಾಳಿ ಒಂದು ಡಿಗ್ರಿ ಬೆಚ್ಚಗಾದಾಗ ಮಳೆಯನ್ನೂ ಹಿಮವನ್ನೂ ಬೇರ್ಪಡಿಸುವ ಗೆರೆ ಸುಮಾರು 150 ಮೀಟರು ಮೇಲೇರುತ್ತದೆ. ಅಷ್ಟು ನೆಲದ ಮೇಲೆ ಹಿಮವಾಗಿ ನಿಲ್ಲಬೇಕಾದ ನೀರು ಚಳಿಗಾಲದಲ್ಲಿಯೇ ಮಳೆಯಾಗಿ ಹರಿದುಹೋಗುತ್ತದೆ.

ಓಟದ ದಾರಿಯನ್ನು ಕೆಲವು ಮೈಲಿಗಳಷ್ಟು ಬದಲಿಸಬಹುದು. ಹಿಮದ ನೀರನ್ನು ನಂಬಿ ಬಿತ್ತುವವರೂ ಕುಡಿಯುವವರೂ ಅಷ್ಟು ಸುಲಭವಾಗಿ ಬೇರೆ ದಾರಿ ಹಿಡಿಯಲಾರರು. ಅವರಿಗಾಗಿ ಈ ಜಮಾಖರ್ಚನ್ನು ವರ್ಷವರ್ಷವೂ ಅಳೆದು ಬರೆದಿಡಬೇಕಾಗಿದೆ.