ಬಿಸಿಲು, ಭಾರ, ಪೆಟ್ರೋಲು: ಮರುಭೂಮಿಯ ಮೇಲೊಂದು ವಿಮಾನ ಪ್ರವಾಸ

ಆಸ್ಟ್ರೇಲಿಯಾದ ನಟ್ಟನಡುವೆ ಇರುವ ಆಲಿಸ್ ಸ್ಪ್ರಿಂಗ್ಸ್‌ನಿಂದ ಹೊರಟು, ಉಲುರು ಬಂಡೆಯ ಪಕ್ಕದ ಯುಲಾರಾ, ಜನ ನೆಲದಡಿಯಲ್ಲಿ ಮನೆ ಮಾಡಿಕೊಂಡಿರುವ ಕೂಬರ್ ಪೀಡಿ, ಐರ್ ಸರೋವರದ ಕಡೆಯ ವಿಲಿಯಂ ಕ್ರೀಕ್, ಸಿಂಪ್ಸನ್ ಮರುಭೂಮಿಯ ಪೂರ್ವದಂಚಿನ ಬರ್ಡ್ಸ್‌ವಿಲ್ ಇಷ್ಟನ್ನೂ ಮುಟ್ಟಿ ಮತ್ತೆ ಆಲಿಸ್ ಸ್ಪ್ರಿಂಗ್ಸ್‌ಗೆ ಬಂದರೆ ಆಕಾಶಮಾರ್ಗದಲ್ಲಿ ಸುಮಾರು 2,100 ಕಿ.ಮೀ. ಆಗುತ್ತದೆ. ಒಂದೇ ಎಂಜಿನ್ನಿನ, ನಾಲ್ಕು ಸೀಟಿನ ಸೆಸ್ನಾ 172 ವಿಮಾನ ಗಂಟೆಗೆ 200 ಕಿ.ಮೀ. ವೇಗದಲ್ಲಿ ಹನ್ನೊಂದು ಗಂಟೆಯೊಳಗೆ ಈ ದೂರವನ್ನು ಹಾರಿ ಮುಗಿಸುತ್ತದೆ. ಖಾಸಗಿ ಪೈಲಟ್ ಪರವಾನಗಿ ಇದ್ದವರು ಇಂಥ ವಿಮಾನವನ್ನು ಬಾಡಿಗೆಗೆ ಪಡೆದು, ತಾವೇ ನಡೆಸಿಕೊಂಡು ವಾರವೊಂದರ ರಜೆ ಕಳೆಯುವುದು ಅಲ್ಲಿ ಸಾಮಾನ್ಯ. ಹೊರದೇಶದ ಪೈಲಟ್ ಆದರೆ ತನ್ನ ಪರವಾನಗಿಗೆ ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ಮಾನ್ಯತೆ ಪಡೆಯಬೇಕು. ಬಾಡಿಗೆ ಕೊಡುವವರು ಕೂಡ ತಮ್ಮ ತರಬೇತುದಾರರೊಬ್ಬರನ್ನು ಪಕ್ಕದಲ್ಲಿ ಕೂರಿಸಿ ಒಮ್ಮೆ ಹಾರಿಸಿ ನೋಡಿದ ಮೇಲೆಯೇ ಕೀಲಿ ಕೊಡುವುದು.

ಕಾಗದಪತ್ರದ ಕೆಲಸ ಅಲ್ಲಿಗೆ ಮುಗಿಯಿತು. ಕಷ್ಟದ ಲೆಕ್ಕ ಶುರುವಾಗುವುದು ಗಾಳಿಯಿಂದ.

ಗಾಳಿ ಕಾದಷ್ಟೂ ಹಿಗ್ಗುತ್ತದೆ, ಅಷ್ಟೇ ಜಾಗದಲ್ಲಿರುವ ಅದರ ಅಣುಗಳು ಕಡಿಮೆಯಾಗುತ್ತವೆ. ರೆಕ್ಕೆಯನ್ನು ಎತ್ತಿ ಹಿಡಿಯುವುದು ಆ ಅಣುಗಳು. ಪ್ರೊಪೆಲ್ಲರ್ ಹಿಂದಕ್ಕೆ ತಳ್ಳುವುದೂ ಅವನ್ನೇ. ಎಂಜಿನ್ನಿನೊಳಗೆ ಪೆಟ್ರೋಲು ಉರಿಯಲು ಬೇಕಾದ ಆಮ್ಲಜನಕವೂ ಆ ಗಾಳಿಯಲ್ಲೇ ಬರಬೇಕು. ಹಾಗಾಗಿ ಸೆಕೆ ಒಂದೇ ಏಟಿಗೆ ಮೂರು ಕಡೆ ಹೊಡೆಯುತ್ತದೆ. ಆಲಿಸ್ ಸ್ಪ್ರಿಂಗ್ಸ್ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 545 ಮೀಟರ್ ಎತ್ತರದಲ್ಲಿದೆ. ಆ ಎತ್ತರಕ್ಕೆ ವಿಮಾನಶಾಸ್ತ್ರದ ಪ್ರಮಾಣಿತ ಉಷ್ಣಾಂಶ ಹನ್ನೆರಡು ಡಿಗ್ರಿಗೂ ಸ್ವಲ್ಪ ಕಡಿಮೆ. ಅದಕ್ಕಿಂತ ಹೆಚ್ಚಾದ ಒಂದೊಂದು ಡಿಗ್ರಿಯೂ ವಿಮಾನದ ಪಾಲಿಗೆ ನಿಲ್ದಾಣವನ್ನು ಸುಮಾರು 120 ಅಡಿ, ಎಂದರೆ 36 ಮೀಟರ್, ಮೇಲಕ್ಕೆ ಎತ್ತಿಟ್ಟಂತೆ. ಜನವರಿಯ ಮಧ್ಯಾಹ್ನ 40 ಡಿಗ್ರಿ ಬಿಸಿಲಿರುವಾಗ ಅದೇ ರನ್‌ವೇ ರೆಕ್ಕೆ ಮತ್ತು ಎಂಜಿನ್ನಿನ ಲೆಕ್ಕದಲ್ಲಿ 1,600 ಮೀಟರ್ ಎತ್ತರದ ಬೆಟ್ಟದ ಮೇಲಿರುತ್ತದೆ. ಇದನ್ನು ಸಾಂದ್ರತಾ ಎತ್ತರ ಎನ್ನುತ್ತಾರೆ. ನೆಲ ಬಿಡುವ ಮುನ್ನ ಓಡಬೇಕಾದ ದೂರ ತಂಪು ಮುಂಜಾವಿಗೆ ಹೋಲಿಸಿದರೆ ಮೂರನೇ ಒಂದರಷ್ಟಾದರೂ ಹೆಚ್ಚುತ್ತದೆ, ಮೇಲೇರುವ ವೇಗ ಇಳಿಯುತ್ತದೆ. ತೆಳು ಗಾಳಿಯಲ್ಲಿ ಇನ್ನೊಂದು ಮೋಸವೂ ಇದೆ. ವೇಗಮಾಪಕ ಎಂದಿನ ಅಂಕಿಯನ್ನೇ ತೋರಿಸುತ್ತಿದ್ದರೂ ನೆಲದ ಮೇಲೆ ವಿಮಾನ ನಿಜವಾಗಿ ಹೆಚ್ಚು ಜೋರಾಗಿ ಓಡುತ್ತಿರುತ್ತದೆ. ಕಿಟಕಿಯಾಚೆ ಪೊದೆಗಳು ಹಿಂದೆ ಓಡುವುದನ್ನು ನೋಡಿ, ಸಾಕಷ್ಟು ವೇಗ ಬಂತೆಂದು ಬೇಗ ಮೂಗೆತ್ತುವ ಪೈಲಟ್‌ಗೆ ರೆಕ್ಕೆ ಕೈಕೊಡುತ್ತದೆ. ಎರಡು ಕಿ.ಮೀ.ಗೂ ಉದ್ದದ ಡಾಂಬರು ರನ್‌ವೇಯಲ್ಲಿ ತಪ್ಪು ತಿದ್ದಿಕೊಳ್ಳಲು ಜಾಗವಿದೆ. ದನದ ಫಾರ್ಮುಗಳ ಮಣ್ಣಿನ ಪಟ್ಟಿಯಲ್ಲಿ ಅದಿಲ್ಲ.

ಈಗ ಭಾರಕ್ಕೆ ಬರೋಣ. ಈ ಪ್ರವಾಸದ ಎಲ್ಲ ನಿರ್ಧಾರಗಳೂ ಕೊನೆಗೆ ತಕ್ಕಡಿಗೇ ಬಂದು ನಿಲ್ಲುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸೆಸ್ನಾ 172ರ ಎಸ್ ಮಾದರಿ ನೆಲ ಬಿಡುವಾಗ ಇರಬಹುದಾದ ಗರಿಷ್ಠ ತೂಕ 1,157 ಕೆ.ಜಿ. ವಿಮಾನದ್ದೇ ತೂಕ ಕಳೆದರೆ ನಮಗೆ ಸಿಗುವುದು 385 ಕೆ.ಜಿ. ಆಸುಪಾಸು. ಟ್ಯಾಂಕು ತುಂಬಿಸಿದರೆ ಬಳಸಬಹುದಾದ ಪೆಟ್ರೋಲು 200 ಲೀಟರ್. ಲೀಟರಿಗೆ 720 ಗ್ರಾಂನಂತೆ ಅದರ ತೂಕ 144 ಕೆ.ಜಿ. ಉಳಿದದ್ದರಲ್ಲಿ ನಾಲ್ವರು ದೊಡ್ಡವರು ಕೂರುವ ಮಾತೇ ಇಲ್ಲ. ಮೂವರು ಕೂತರೆ 225 ಕೆ.ಜಿ. ಆಯಿತು, ನೀರಿಗೂ ಚೀಲಗಳಿಗೂ ಸೇರಿ ಉಳಿಯುವುದು 16 ಕೆ.ಜಿ.

ಸರಿ, ಪೆಟ್ರೋಲು ಕಡಿಮೆ ಹಾಕೋಣ ಎನ್ನಬಹುದು. ಬರ್ಡ್ಸ್‌ವಿಲ್‌ನಿಂದ ಆಲಿಸ್ ಸ್ಪ್ರಿಂಗ್ಸ್‌ಗೆ ಮರಳುವ ಕೊನೆಯ ಹಾದಿಯನ್ನೇ ತೆಗೆದುಕೊಳ್ಳಿ. ನೇರ ದೂರ 600 ಕಿ.ಮೀ., ನಡುವೆ ಸಿಂಪ್ಸನ್ ಮರುಭೂಮಿ. ಮೂವರು, 30 ಲೀಟರ್ ನೀರು, 30 ಕೆ.ಜಿ. ಸಾಮಾನು ಎಂದರೆ ಪೆಟ್ರೋಲಿಗೆ ಸಿಗುವುದು 100 ಕೆ.ಜಿ., ಹೆಚ್ಚೆಂದರೆ 140 ಲೀಟರ್. ಎಂಜಿನ್ ಗಂಟೆಗೆ 35 ಲೀಟರ್ ಕುಡಿಯುತ್ತದೆ. ಗಾಳಿ ನಿಂತಿದ್ದರೆ ಮೂರು ಗಂಟೆಗೆ 105 ಲೀಟರ್ ಸಾಕು, ಕಾನೂನು ಕೇಳುವ ಅರ್ಧ ಗಂಟೆಯ ಮೀಸಲು ಸೇರಿಸಿದರೂ ಮಿಗುತ್ತದೆ. ಆದರೆ ಗಂಟೆಗೆ 40 ಕಿ.ಮೀ. ವೇಗದ ಎದುರುಗಾಳಿ ಬೀಸಿತೆನ್ನಿ. ನೆಲದ ಮೇಲಿನ ವೇಗ 160ಕ್ಕೆ ಇಳಿದು, ಮೂರು ಗಂಟೆಯ ದಾರಿ ಮೂರೂಮುಕ್ಕಾಲು ಗಂಟೆಯಾಗುತ್ತದೆ. ಮೀಸಲೂ ಸೇರಿ ಬೇಕಾದದ್ದು ಸುಮಾರು 149 ಲೀಟರ್. ಟ್ಯಾಂಕಿನಲ್ಲಿರುವುದು 140. ಮೂರನೆಯವರನ್ನು ಕರೆದೊಯ್ದ ಕಾರಣಕ್ಕೆ ಮೀಸಲಿಗೆ ಕೈಹಾಕಬೇಕಾಗುತ್ತದೆ! ಅದೇ ಇಬ್ಬರೇ ಹೊರಟರೆ ಟ್ಯಾಂಕು ತುಂಬಿಸಿ, ನೀರು, ಡೇರೆ, ವಿಮಾನ ಕಟ್ಟುವ ಹಗ್ಗ ಮತ್ತು ಗೂಟ ಎಲ್ಲವನ್ನೂ ಹೇರಿಕೊಳ್ಳಬಹುದು. ನಾಲ್ಕು ಸೀಟಿನ ಈ ವಿಮಾನ ಮರುಭೂಮಿಗೆ ಬಂದರೆ ಇಬ್ಬರ ವಿಮಾನ ಎಂದೇ ಯೋಜನೆ ಹಾಕಬೇಕು.

ಆ 600 ಕಿ.ಮೀ. ಹಾದಿಯಲ್ಲಿ ಕೆಳಗೆ ಕಾಣುವುದೇನು? ಕಬ್ಬಿಣದ ತುಕ್ಕು ಮೆತ್ತಿ ಕೆಂಪಾದ ಮರಳಿನ ಉದ್ದನೆಯ ದಿಬ್ಬಗಳು. ಒಂದರ ಪಕ್ಕ ಒಂದರಂತೆ ಸಾವಿರಕ್ಕೂ ಹೆಚ್ಚು ಇವೆ, ಕೆಲವು 200 ಕಿ.ಮೀ. ಉದ್ದಕ್ಕೂ ಹಬ್ಬಿವೆ. ಸೆಸಿಲ್ ಮ್ಯಾಡಿಗನ್ ಎಂಬ ಭೂವಿಜ್ಞಾನಿ 1929ರಲ್ಲಿ ಇವನ್ನು ವಿಮಾನದಿಂದ ಸಮೀಕ್ಷೆ ಮಾಡಿದರು. ಸಾವಿರಾರು ವರ್ಷ ಬೀಸಿದ ಗಾಳಿ ಈ ದಿಬ್ಬಗಳನ್ನು ಆಗ್ನೇಯದ ಕಡೆಯಿಂದ ವಾಯವ್ಯದ ಕಡೆಗೆ ಸಮಾನಾಂತರವಾಗಿ ಎಳೆದು ನಿಲ್ಲಿಸಿದೆ. ರಸ್ತೆ, ಊರು, ಹೊಳೆ ಯಾವ ಗುರುತೂ ಇಲ್ಲದ ಕಡೆ ಪೈಲಟ್‌ಗೆ ಇದು ದೊಡ್ಡ ಉಪಕಾರ. ವಿಮಾನ ದಿಬ್ಬಗಳನ್ನು ಒಂದೇ ಕೋನದಲ್ಲಿ ದಾಟುತ್ತಿದ್ದರೆ ದಿಕ್ಕು ನೆಟ್ಟಗಿದೆ ಎಂದರ್ಥ, ಕೋನ ಬದಲಾದರೆ ದಿಕ್ಸೂಚಿಯನ್ನು ಮತ್ತೆ ನೋಡಬೇಕು. ಜಿಪಿಎಸ್ ಇದ್ದೇ ಇರುತ್ತದೆ, ನಿಜ. ಬಿಸಿಲಿಗೆ ಕಾದ ಟ್ಯಾಬ್ಲೆಟ್ ತಾನಾಗಿ ಆರಿಹೋಗುವುದೂ ಇದ್ದೇ ಇದೆ. ಆಗ ಕಾಗದದ ನಕ್ಷೆಯೂ ಹಳೆಯ ಅರವತ್ತರ ಸೂತ್ರವೂ ಕೈಹಿಡಿಯುತ್ತವೆ: ದಿಕ್ಕು ಒಂದು ಡಿಗ್ರಿ ತಪ್ಪಿದರೆ 60 ಕಿ.ಮೀ. ಹೋಗುವಷ್ಟರಲ್ಲಿ ಒಂದು ಕಿ.ಮೀ. ಪಕ್ಕಕ್ಕೆ ಸರಿದಿರುತ್ತೇವೆ. ಮೂರು ಡಿಗ್ರಿ ತಪ್ಪನ್ನು ತಿದ್ದದೆ 600 ಕಿ.ಮೀ. ಹಾರಿದರೆ ಊರು 30 ಕಿ.ಮೀ. ಆಚೆ ಉಳಿಯುತ್ತದೆ.

ಪೆಟ್ರೋಲು ಸಿಗುವ ಜಾಗ ಯಾವುವೆಂದು ಮುಂಚೆಯೇ ಫೋನ್ ಮಾಡಿ ಕೇಳಬೇಕು. ಕೆಲವೆಡೆ ಪಂಪ್ ಇರುವುದಿಲ್ಲ, 200 ಲೀಟರಿನ ಡ್ರಮ್ಮಿನಿಂದ ತುಂಬಿಕೊಳ್ಳಬೇಕು. ಡ್ರಮ್ಮಿನ ಪೆಟ್ರೋಲಿನಲ್ಲಿ ನೀರು ಸೇರಿರುವ ಭಯ ಹೆಚ್ಚು. ಹಾಗಾಗಿ ತುಂಬಿಸಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ರೆಕ್ಕೆಯಡಿಯ ಸಣ್ಣ ಕವಾಟದಿಂದ ಪಾರದರ್ಶಕ ಲೋಟಕ್ಕೆ ಒಂದಿಷ್ಟು ಇಳಿಸಿ ಬೆಳಕಿಗೆ ಹಿಡಿದು ನೋಡುತ್ತಾರೆ. ಈ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಹಾಕಿರುತ್ತಾರೆ. ನೀರು ಅದಕ್ಕಿಂತ ಭಾರವಾದ್ದರಿಂದ ಬಣ್ಣವಿಲ್ಲದ ಗುಂಡನೆಯ ಹನಿಯಾಗಿ ತಳದಲ್ಲಿ ಕೂತಿರುತ್ತದೆ. ಹನಿ ಕಾಣದಾಗುವ ತನಕ ಇಳಿಸುತ್ತಲೇ ಇರಬೇಕು. ಟ್ಯಾಂಕಿನಲ್ಲಿ ಎಷ್ಟಿದೆ ಎನ್ನುವುದಕ್ಕೂ ಪೈಲಟ್ ಎದುರಿನ ಮಾಪಕದ ಮುಳ್ಳನ್ನು ನಂಬದೆ, ಅಳತೆಕಡ್ಡಿ ಇಳಿಸಿಯೇ ನೋಡುವುದು ರೂಢಿ.

ಹೋಗುವ ಕಾಲ ಮೇ ತಿಂಗಳಿಂದ ಸೆಪ್ಟೆಂಬರ್. ಜುಲೈನಲ್ಲಿ ಆಲಿಸ್ ಸ್ಪ್ರಿಂಗ್ಸ್‌ನ ಹಗಲು 20 ಡಿಗ್ರಿ ಆಸುಪಾಸು ಇರುತ್ತದೆ. ಆದರೂ ಹತ್ತು ಗಂಟೆ ದಾಟಿದರೆ ನೆಲ ಕಾದು, ಬಿಸಿಗಾಳಿಯ ಕಂಬಗಳು ಮೇಲೇಳುತ್ತವೆ. ಕೆಂಪು ಮರಳು, ಬಿಳಿ ಉಪ್ಪು, ಕಪ್ಪು ಕಲ್ಲು ಬೇರೆ ಬೇರೆಯಾಗಿ ಕಾಯುವುದರಿಂದ ಒಂದು ಕಡೆ ಗಾಳಿ ಮೇಲೆತ್ತುತ್ತದೆ, ಪಕ್ಕದಲ್ಲೇ ಕೆಳಕ್ಕೆ ಒತ್ತುತ್ತದೆ. ಪುಟ್ಟ ವಿಮಾನದ ಹಿಂದಿನ ಸೀಟಿನವರಿಗೆ ವಾಂತಿ ಬರುವುದು ಇದರಿಂದ. ಇನ್ನೂ ಎತ್ತರಕ್ಕೆ ಹೋದರೆ ನೆಮ್ಮದಿ, ಆದರೆ ತುಂಬ ಮೇಲೆ ಹೋದರೆ ಆಮ್ಲಜನಕದ ವ್ಯವಸ್ಥೆ ಬೇಕು. ನಸುಕಿಗೆ ಹೊರಟು ಬಿಸಿಲೇರುವ ಮುಂಚೆ ಇಳಿಯುವುದೇ ಸುಲಭ.

ಅರಬಾನಾ ಜನ ಕಾಟಿ ತಾಂಡ ಎಂದು ಕರೆಯುವ ಐರ್ ಸರೋವರದ ತಳ ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿದೆ. ನೀರು ಬಂದ ವರ್ಷ ಪೆಲಿಕನ್ ಹಕ್ಕಿಗಳು ಸಾವಿರಗಟ್ಟಲೆ ನೆರೆಯುತ್ತವೆ, ನೋಡಲೇಬೇಕಾದ ಜಾಗ. ಅಪಾಯ ಇರುವುದು ಅದರ ನಿಶ್ಚಲತೆಯಲ್ಲಿ. ಅಲುಗದ ನೀರು, ಬಿಳಿ ಉಪ್ಪು, ಮಬ್ಬು ಆಕಾಶ ಮೂರೂ ಒಂದೇ ಬಣ್ಣವಾಗಿ ದಿಗಂತ ಮಾಯವಾದಾಗ ಕಿವಿಯೊಳಗಿನ ಸಮತೋಲನದ ಅಂಗ ಸುಳ್ಳು ಹೇಳತೊಡಗುತ್ತದೆ. ವಾಲಿದ ವಿಮಾನ ನೆಟ್ಟಗಿದೆ ಅನ್ನಿಸುತ್ತದೆ. 2011ರ ಆಗಸ್ಟ್‌ನಲ್ಲಿ ಇದೇ ಸರೋವರದ ಬಳಿ ಕತ್ತಲಲ್ಲಿ ಹೊರಟ ಹೆಲಿಕಾಪ್ಟರ್ ಬಿದ್ದು ಮೂವರು ಸತ್ತರು. ಪೈಲಟ್‌ಗೆ ದಿಕ್ಕುದೆಸೆ ತಪ್ಪಿದ್ದೇ ಕಾರಣವಿರಬೇಕೆಂದು ತನಿಖೆ ಕಂಡುಕೊಂಡಿತು. ಅಲ್ಲಿ ಎತ್ತರ ಕಾಯ್ದುಕೊಂಡು, ದಡದ ಗೆರೆಯನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡೇ ಹಾರಬೇಕು.

ಇಷ್ಟಾದರೂ ಎಂಜಿನ್ ನಿಂತರೆ? ಸೆಸ್ನಾ 172 ಒಂದು ಕಿ.ಮೀ. ಇಳಿಯುವಷ್ಟರಲ್ಲಿ ಒಂಬತ್ತು ಕಿ.ಮೀ. ತೇಲಿ ಮುಂದೆ ಹೋಗುತ್ತದೆ. ಎರಡು ಕಿ.ಮೀ. ಎತ್ತರದಲ್ಲಿದ್ದರೆ ಸುತ್ತಲಿನ 18 ಕಿ.ಮೀ.ಯೊಳಗೆ ಎರಡು ದಿಬ್ಬಗಳ ನಡುವಿನ ಸಪಾಟು ಜಾಗವೋ ಒಣ ಉಪ್ಪಿನ ತಟ್ಟೆಯೋ ಸಿಗಬಹುದು, ಇಳಿದು ಬದುಕಬಹುದು. ಮರುಭೂಮಿಯಲ್ಲಿ ಜೀವ ಹೋಗುವುದು ಹೆಚ್ಚಾಗಿ ಅದಾದ ಮೇಲೆ. 1929ರ ಏಪ್ರಿಲ್‌ನಲ್ಲಿ ಕೀತ್ ಆಂಡರ್ಸನ್ ಮತ್ತು ಬಾಬ್ ಹಿಚ್‌ಕಾಕ್ ಎಂಬ ಇಬ್ಬರು, ಕಾಣೆಯಾದ ಪೈಲಟ್ ಚಾರ್ಲ್ಸ್ ಕಿಂಗ್ಸ್‌ಫೋರ್ಡ್ ಸ್ಮಿತ್‌ರನ್ನು ಹುಡುಕಲು 'ಕೂಕಬರಾ' ಎಂಬ ವಿಮಾನದಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ಹೊರಟರು. ಎಂಜಿನ್ ಕೆಟ್ಟು ತನಾಮಿ ಮರುಭೂಮಿಯಲ್ಲಿ ಸುರಕ್ಷಿತವಾಗಿಯೇ ಇಳಿದರು, ರಿಪೇರಿಯನ್ನೂ ಮಾಡಿಕೊಂಡರು. ಮರಳು ಮತ್ತು ಪೊದೆಗಳ ನಡುವೆ ಮತ್ತೆ ಏರಲಾಗಲಿಲ್ಲ. ರೇಡಿಯೊ ಇರಲಿಲ್ಲ. ಕುಡಿಯುವ ನೀರು ಕೆಲವೇ ಲೀಟರ್ ಇತ್ತು. ಆಂಡರ್ಸನ್ ತಮ್ಮ ಕೊನೆಯ ದಿನಗಳನ್ನು ವಿಮಾನದ ಬಾಲದ ಬಟ್ಟೆಯ ಮೇಲೆ ಬರೆದಿಟ್ಟರು. ಲೆಸ್ಟರ್ ಬ್ರೇನ್ ಎಂಬ ಪೈಲಟ್ ಆಕಾಶದಿಂದ ಆ ವಿಮಾನವನ್ನು ಗುರುತಿಸುವ ಹೊತ್ತಿಗೆ ಇಬ್ಬರೂ ಬಾಯಾರಿಕೆಯಿಂದ ಸತ್ತಿದ್ದರು. ಕಿಂಗ್ಸ್‌ಫೋರ್ಡ್ ಸ್ಮಿತ್ ಜೀವಂತವಾಗಿ ಸಿಕ್ಕಿದ್ದರು. ಆ ವಿಮಾನದ ಅವಶೇಷ ಈಗ ಆಲಿಸ್ ಸ್ಪ್ರಿಂಗ್ಸ್‌ನ ವಸ್ತುಸಂಗ್ರಹಾಲಯದಲ್ಲಿದೆ. ಪ್ರವಾಸ ಹೊರಡುವ ಮುಂಚೆ ಅಲ್ಲಿ ಒಂದು ಗಂಟೆ ಕಳೆಯಿರಿ ಎಂದು ಯಾರಿಗಾದರೂ ಮನಸಾರೆ ಹೇಳುತ್ತೇನೆ.

ಇಂದು ಅಪಾಯದ ಸುದ್ದಿ ಮುಟ್ಟಿಸುವ 406 ಮೆಗಾಹರ್ಟ್ಸ್‌ನ ಬೀಕನ್ ಅಂಗೈಯಲ್ಲಿ ಹಿಡಿಸುತ್ತದೆ. ಗುಂಡಿ ಒತ್ತಿದರೆ ಉಪಗ್ರಹ ಅದರ ಸಂಕೇತ ಹಿಡಿದು ಕ್ಯಾನ್‌ಬೆರಾದ ರಕ್ಷಣಾ ಕೇಂದ್ರಕ್ಕೆ ಮುಟ್ಟಿಸುತ್ತದೆ. ಜಿಪಿಎಸ್ ಇರುವ ಬೀಕನ್ ಆದರೆ ಜಾಗ ನೂರಿಪ್ಪತ್ತು ಮೀಟರ್‌ನಷ್ಟು ನಿಖರ. ಆದರೂ ನೀರು ತಲೆಗೆ ದಿನಕ್ಕೆ ಐದು ಲೀಟರಿನಂತೆ ಎರಡು ದಿನಕ್ಕಾದರೂ ಇರಬೇಕು. ವಿಮಾನ ಬಿಟ್ಟು ನಡೆದು ಹೋಗಬಾರದು: ಅದು ಮೇಲಿನಿಂದ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಅದರ ರೆಕ್ಕೆಯಡಿಯ ನೆರಳೂ ಸುತ್ತ ಬೇರೆಲ್ಲೂ ಸಿಗದು.

ಇನ್ನೊಂದು ರಕ್ಷೆ ಬೀಕನ್ ಒತ್ತಲೂ ಆಗದ ಸ್ಥಿತಿಗೆ. ಅಲ್ಲಿ ಅದನ್ನು ಸಾರ್‌ಟೈಮ್ ಎನ್ನುತ್ತಾರೆ. ಇಂಥ ಹೊತ್ತಿನೊಳಗೆ ತಲುಪಿದ್ದೇನೆಂದು ನಾನು ತಿಳಿಸದಿದ್ದರೆ ಹುಡುಕಲು ಶುರುಮಾಡಿ ಎಂದು ಮೊದಲೇ ಸಮಯ ಬರೆಸಿಡುವುದು. ಇಳಿದ ಕೂಡಲೇ ಫೋನ್ ಮಾಡಿ ಅದನ್ನು ರದ್ದುಪಡಿಸಬೇಕು, ಮರೆತರೆ ರಕ್ಷಣಾ ತಂಡ ಎದ್ದು ಕೂರುತ್ತದೆ. ಬರ್ಡ್ಸ್‌ವಿಲ್ ಗಡಿಯಾರ ಆಲಿಸ್ ಸ್ಪ್ರಿಂಗ್ಸ್‌ಗಿಂತ ಅರ್ಧ ಗಂಟೆ ಮುಂದಿರುವುದರಿಂದ ಸಮಯವನ್ನು ವಿಶ್ವಮಾನ ಕಾಲದಲ್ಲಿ (ಯುಟಿಸಿ) ಕೊಡುತ್ತಾರೆ. ಜುಲೈನಲ್ಲಿ ಬರ್ಡ್ಸ್‌ವಿಲ್‌ನ ಏಳೂವರೆಗೆ ಹೊರಟರೆ ಎದುರುಗಾಳಿಯಿದ್ದರೂ ಆಲಿಸ್ ಸ್ಪ್ರಿಂಗ್ಸ್‌ನ ಹತ್ತೂಮುಕ್ಕಾಲಿಗೆ ಇಳಿಯಬಹುದು, ಸಾರ್‌ಟೈಮ್ ಹನ್ನೊಂದೂವರೆಗೆ ಇಡಬಹುದು. ಆಗ ಹುಡುಕುವವರಿಗೆ ಕತ್ತಲಾಗುವ ಮುಂಚೆ ಆರು ಗಂಟೆಗೂ ಹೆಚ್ಚು ಬೆಳಕು ಸಿಗುತ್ತದೆ. ಮಧ್ಯಾಹ್ನ ಊಟ ಮುಗಿಸಿ ಹೊರಟವರಿಗೆ ಅದು ಸಿಗುವುದಿಲ್ಲ.